ನೀರುಗಂಟಿಯಿಂದ ಡಿಜಿಟಲ್ ಅವಳಿಯವರೆಗೆ



‘ಡಿಜಿಟಲ್ ಟ್ವಿನ್’ ಎಂಬ ಮಾತು ಈಚೆಗೆ ನಿಮ್ಮ ಕಿವಿಗೂ ಬಿದ್ದಿರಬಹುದು. ಕನ್ನಡದಲ್ಲಿ ಇದನ್ನು ‘ಡಿಜಿಟಲ್ ಅವಳಿ’ ಎಂದು ಕರೆಯೋಣ. ಒಂದು ವಿಮಾನದ ಎಂಜಿನ್, ಒಂದು ಸೇತುವೆ, ಒಂದು ಕಾರ್ಖಾನೆ ಅಥವಾ ಇಡೀ ನಗರವನ್ನೇ ಗಣಕಯಂತ್ರದೊಳಗೆ ಮತ್ತೊಮ್ಮೆ ಕಟ್ಟಿ, ನಿಜವಾದ ವಸ್ತುವಿನಿಂದ ಬರುವ ಅಳತೆಗಳನ್ನು ಅದಕ್ಕೆ ಸತತವಾಗಿ ಉಣಿಸುತ್ತಿದ್ದರೆ ಅದು ಡಿಜಿಟಲ್ ಅವಳಿ. ನಾಳೆ ಏನಾದೀತು ಎಂಬುದನ್ನು ಆ ಅವಳಿಯ ಮೇಲೆ ಇಂದೇ ಪ್ರಯೋಗಿಸಿ ನೋಡಬಹುದು.

ಇದು ತೀರ ಹೊಸ ವಿದ್ಯೆ, ಎಲ್ಲೋ ಹೊರದೇಶದಲ್ಲಿ ಹುಟ್ಟಿದ್ದು ಎಂದು ನಿಮಗೆ ಅನ್ನಿಸಬಹುದು. ಹೆಸರು ಹೊಸದು, ನಿಜ. ಆದರೆ ನೆಲದ, ನೀರಿನ ಪ್ರತಿರೂಪವೊಂದನ್ನು ಇಟ್ಟುಕೊಂಡು ಅದರ ಮೂಲಕ ಊರನ್ನು ಆಳುವ ಕೆಲಸ ಬೆಂಗಳೂರಿನ ಉತ್ತರ ಭಾಗದಲ್ಲಿ ಬಹು ಕಾಲದಿಂದ ನಡೆದುಬಂದಿದೆ. ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರಗಳ ಈ ಚರಿತ್ರೆಯನ್ನು ನೋಡಿದರೆ ಅವಳಿಯಿಂದ ಸಮಾಜಕ್ಕೆ ಆಗುವ ಲಾಭವೂ ಅಪಾಯವೂ ಅರ್ಥವಾಗುತ್ತವೆ.

ಪ್ರತಿ, ನೆರಳು, ಅವಳಿ

ಮೊದಲು ಒಂದು ವ್ಯತ್ಯಾಸವನ್ನು ತಿಳಿದುಕೊಳ್ಳೋಣ. ಉದಾಹರಣೆಯನ್ನು ನನ್ನ ವೃತ್ತಿಯಿಂದಲೇ ಕೊಡುತ್ತೇನೆ. ಮೊದಲೇ ಚಿತ್ರೀಕರಿಸಿ ಇಟ್ಟ ಕಾರ್ಯಕ್ರಮ ಒಂದು ‘ಪ್ರತಿ’. ಅದರಲ್ಲಿ ಮಾತನಾಡಿದವರಿಗೆ ವಯಸ್ಸಾದರೂ ಟೇಪಿನಲ್ಲಿರುವ ಮುಖಕ್ಕೆ ವಯಸ್ಸಾಗುವುದಿಲ್ಲ. ಕ್ರಿಕೆಟ್ ಪಂದ್ಯದ ನೇರ ಪ್ರಸಾರ ಒಂದು ‘ನೆರಳು’. ಮೈದಾನದಲ್ಲಿ ಆದದ್ದು ಆಗಲೇ ತೆರೆಯ ಮೇಲೆ ಕಾಣುತ್ತದೆ. ಆದರೆ ನೀವು ಮನೆಯಲ್ಲಿ ಎಷ್ಟು ಕೂಗಿದರೂ ಬೌಲರನಿಗೆ ಕೇಳಿಸುವುದಿಲ್ಲ. ಮೂರನೆಯದು ಫೋನ್-ಇನ್ ಕಾರ್ಯಕ್ರಮ. ನೀವು ಕೇಳಿದ ಪ್ರಶ್ನೆಯಿಂದ ಸ್ಟುಡಿಯೋದಲ್ಲಿ ನಡೆಯುವ ಮಾತಿನ ದಿಕ್ಕೇ ಬದಲಾಗುತ್ತದೆ. ಹೀಗೆ ಮಾಹಿತಿ ಎರಡೂ ಕಡೆಗೆ ಹರಿದಾಗ ಮಾತ್ರ ‘ಅವಳಿ’ ಎಂಬ ಹೆಸರು ಸಲ್ಲುತ್ತದೆ.

ಹೆಬ್ಬಾಳದಲ್ಲೇ ಒಳ್ಳೆಯ ಪ್ರತಿಯೊಂದರ ಉದಾಹರಣೆ ಇದೆ. 2018ರಲ್ಲಿ ಚರಂಡಿಗಾಗಿ ನೆಲ ಅಗೆಯುವಾಗ ಅಲ್ಲೊಂದು ವೀರಗಲ್ಲು ಸಿಕ್ಕಿತು. ಗಂಗ ದೊರೆ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. ಕಿತ್ತಯ್ಯನೆಂಬ ವೀರನ ಹೆಸರು ಅದರಲ್ಲಿದೆ. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಲ್ಲಿ ಆರಂಭಿಸಿದ ಯೋಜನೆಯಲ್ಲಿ ನಗರದ ಇಂತಹ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನರಿನಿಂದ ಅಳೆದು ಕಾಪಿಡುತ್ತಿದ್ದಾರೆ. ಕಣ್ಣಿಗೆ ಕಾಣದಷ್ಟು ಸವೆದ ಅಕ್ಷರವೂ ಗಣಕಯಂತ್ರದ ತೆರೆಯ ಮೇಲೆ ಓದಲು ಸಿಗುತ್ತದೆ. ಆದರೆ ನಾಳೆ ಕಲ್ಲಿಗೆ ಬಿರುಕು ಬಿಟ್ಟರೆ ಆ ಚಿತ್ರಕ್ಕೆ ಅದು ಗೊತ್ತಾಗುವುದಿಲ್ಲ. ಅದು ಬಹು ಉಪಯುಕ್ತವಾದ ಪ್ರತಿ, ಅವಳಿಯಲ್ಲ. ಕಲ್ಲಿಗೆ ಅಷ್ಟು ಸಾಕು, ಏಕೆಂದರೆ ಕಲ್ಲು ದಿನದಿನಕ್ಕೂ ಬದಲಾಗುವುದಿಲ್ಲ. ನೀರಿನ ಮಾತು ಬೇರೆ.

ಕೆರೆಯ ಲೆಕ್ಕ ತಲೆಯಲ್ಲಿ

ಬೆಂಗಳೂರಿನ ಬಳಿ ದೊಡ್ಡ ನದಿಯಿಲ್ಲ. ಎತ್ತರದ ದಿಣ್ಣೆಯ ಮೇಲೆ ಕುಳಿತ ಈ ಊರಿನ ಮಳೆನೀರು ಮೂರು ಮುಖ್ಯ ಕಣಿವೆಗಳಲ್ಲಿ ಇಳಿದು ಹೋಗುತ್ತದೆ: ವೃಷಭಾವತಿ, ಕೋರಮಂಗಲ-ಚಲ್ಲಘಟ್ಟ ಮತ್ತು ಹೆಬ್ಬಾಳ. ಹೀಗೆ ಇಳಿದುಹೋಗುವ ನೀರನ್ನು ಮೆಟ್ಟಿಲುಮೆಟ್ಟಿಲಾಗಿ ತಡೆದು ನಿಲ್ಲಿಸಲು ನಮ್ಮ ಹಿಂದಿನವರು ಕೆರೆಗಳ ಸರಪಣಿಯನ್ನೇ ಕಟ್ಟಿದರು. ಯಲಹಂಕ ನಾಡಪ್ರಭುಗಳ ನೆಲೆಯಾಗಿತ್ತು. ಇದೇ ಮನೆತನದ ಕೆಂಪೇಗೌಡರು 1537ರಲ್ಲಿ ಬೆಂಗಳೂರು ಪೇಟೆಗೆ ಅಡಿಪಾಯ ಹಾಕಿದರೆಂದು ನೀವು ಪಠ್ಯಪುಸ್ತಕದಲ್ಲಿ ಓದಿದ್ದೀರಿ. ಯಲಹಂಕ ಕೆರೆ ತುಂಬಿ ಕೋಡಿ ಬಿದ್ದರೆ ನೀರು ರಾಜಕಾಲುವೆಯಲ್ಲಿ ಜಕ್ಕೂರಿನ ಕಡೆಗೆ, ಅಲ್ಲಿಂದ ರಾಚೇನಹಳ್ಳಿಯ ಕಡೆಗೆ ಸಾಗುತ್ತದೆ. ಯಶವಂತಪುರದ ಪಕ್ಕದ ಮತ್ತಿಕೆರೆಯ ಹೆಸರಿನಲ್ಲೇ ಕೆರೆ ಇದೆ.

ಈ ಕೆರೆಗಳನ್ನು ನೋಡಿಕೊಳ್ಳುತ್ತಿದ್ದವನು ನೀರುಗಂಟಿ. ತೂಬು ಎತ್ತುವುದು, ಇಳಿಸುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚುವುದು, ಏರಿಯಲ್ಲಿ ಹೆಗ್ಗಣದ ಬಿಲ ಕಂಡರೆ ಊರಿಗೆ ತಿಳಿಸುವುದು ಅವನ ಕೆಲಸ. ಊರಿನ ಆಯಗಾರರಲ್ಲಿ ಅವನೂ ಒಬ್ಬ; ಬೆಳೆ ಬಂದಾಗ ಅವನಿಗೂ ಪಾಲು ಸಲ್ಲುತ್ತಿತ್ತು. ವಿಜ್ಞಾನದ ಭಾಷೆಯಲ್ಲಿ ಹೇಳುವುದಾದರೆ, ಕೆರೆಯ ಪ್ರತಿರೂಪ ಅವನ ತಲೆಯೊಳಗಿತ್ತು. ನೀರಿನ ಮಟ್ಟ ನೋಡಿ ಅವನು ಆ ಪ್ರತಿರೂಪವನ್ನು ತಿದ್ದಿಕೊಳ್ಳುತ್ತಿದ್ದ; ಆ ಲೆಕ್ಕ ನೋಡಿ ತೂಬನ್ನು ತಿರುಗಿಸುತ್ತಿದ್ದ. ಮಾಹಿತಿ ಎರಡೂ ಕಡೆಗೆ ಹರಿಯುತ್ತಿತ್ತು. ತಪ್ಪಾದರೆ ಯಾರನ್ನು ಕೇಳಬೇಕೆಂಬುದೂ ಊರಿಗೆ ಗೊತ್ತಿತ್ತು.

ಈ ವ್ಯವಸ್ಥೆಯಲ್ಲಿ ದೋಷಗಳಿರಲಿಲ್ಲವೆಂದು ತಿಳಿಯಬೇಡಿ. ಜಾತಿಯ ಕಟ್ಟು, ಉಳ್ಳವರ ಒತ್ತಡ ಎಲ್ಲವೂ ಅಲ್ಲಿದ್ದವು. ನೀರುಗಂಟಿ ತೀರಿಕೊಂಡರೆ ಅವನ ಜ್ಞಾನವನ್ನು ಮಗ ಕಲಿತಿರಬೇಕು. ಇಲ್ಲದಿದ್ದರೆ ಅದೂ ಅವನೊಂದಿಗೇ ಹೋಯಿತು.

ಸರಪಣಿ ಹಿಡಿದು ಬಂದವರು

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯನ್ನು ಅಳೆಯುವ ಕೆಲಸ ಶುರುವಾಯಿತು. ಕರ್ನಲ್ ಕಾಲಿನ್ ಮೆಕೆಂಜಿ ಊರು, ಕೆರೆ, ದಾರಿಗಳ ಸರ್ವೆ ನಡೆಸಿದ. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಒಂದು ಆಧಾರರೇಖೆಯನ್ನು ಅಳೆದ. ಮುಂದೆ ಇಡೀ ಭಾರತವನ್ನು ತ್ರಿಕೋನಗಳಲ್ಲಿ ಹೆಣೆದ ಮಹಾ ತ್ರಿಕೋನಮಿತಿ ಸರ್ವೆಗೆ ಇಂತಹ ಅಳತೆಗಳೇ ಬುನಾದಿ. ತತ್ತ್ವ ಸರಳ. ತ್ರಿಕೋನದ ಒಂದು ಭುಜ ಮತ್ತು ಎರಡು ಕೋನ ಗೊತ್ತಾದರೆ ಉಳಿದ ಎರಡು ಭುಜಗಳನ್ನು ಲೆಕ್ಕ ಹಾಕಿ ಕಂಡುಹಿಡಿಯಬಹುದು. ನೀವು ಇದನ್ನು ಗಣಿತದಲ್ಲಿ ಕಲಿತಿದ್ದೀರಿ ಅಥವಾ ಕಲಿಯಲಿದ್ದೀರಿ.

1868ರಲ್ಲಿ ಬೆಂಗಳೂರಿನಲ್ಲಿ ಮತ್ತೊಂದು ಆಧಾರರೇಖೆಯನ್ನು ಅಳೆದರು. ಅದರ ಒಂದು ತುದಿ ಈಗಿನ ಮೇಖ್ರಿ ವೃತ್ತದ ಬಳಿ. ಇನ್ನೊಂದು ತುದಿ ಹೆಣ್ಣೂರು-ಬಾಗಲೂರು ರಸ್ತೆಯ ಕಣ್ಣೂರಿನಲ್ಲಿ. ಬಿಸಿಲಿಗೆ ಲೋಹ ಹಿಗ್ಗಿದರೆ ಅಳತೆ ತಪ್ಪುತ್ತದೆ. ಆದ್ದರಿಂದ ಹಿತ್ತಾಳೆ ಮತ್ತು ಕಬ್ಬಿಣ ಎರಡನ್ನೂ ಜೋಡಿಸಿ, ಒಂದರ ಹಿಗ್ಗುವಿಕೆಯನ್ನು ಇನ್ನೊಂದು ಸರಿದೂಗಿಸುವಂತೆ ಮಾಡಿದ ಕೋಲ್ಬಿ ಸರಳುಗಳನ್ನು ಇಲ್ಲಿ ಬಳಸಿದರು. ಇಂದು ಆರ್.ಟಿ. ನಗರದಿಂದ ಮೇಖ್ರಿ ವೃತ್ತಕ್ಕೆ ಬರುವ ಬಸ್ಸುಗಳು ಆ ಹಳೆಯ ರೇಖೆಯ ಆಸುಪಾಸಿನಲ್ಲೇ ಓಡಾಡುತ್ತವೆ.

ಇದು ದೇಶದ ನಕ್ಷೆಯ ಮಾತಾಯಿತು. ರೈತನಿಗೆ ತಟ್ಟಿದ್ದು ಇನ್ನೊಂದು ಸರ್ವೆ. ಮೈಸೂರು ಸಂಸ್ಥಾನದಲ್ಲಿ 1863ರಲ್ಲಿ ಕಂದಾಯ ಸರ್ವೆ ಆರಂಭವಾಯಿತು. 33 ಅಡಿಯ ಸರಪಣಿ ಹಿಡಿದು ಹೊಲಹೊಲವನ್ನೂ ಅಳೆದರು. ಒಂದು ಸರಪಣಿ ಉದ್ದ, ಒಂದು ಸರಪಣಿ ಅಗಲ ಎಂದರೆ 1,089 ಚದರಡಿ, ಅದೇ ಒಂದು ಗುಂಟೆ. ಅಂತಹ 40 ಗುಂಟೆ ಸೇರಿದರೆ ಒಂದು ಎಕರೆ. ನೀವೇ ಗುಣಿಸಿ ನೋಡಿ, 43,560 ಚದರಡಿ ಬರುತ್ತದೆ. ಪ್ರತಿ ಊರಿಗೂ ಗ್ರಾಮನಕ್ಷೆ ಬಂತು. ಅದರಲ್ಲಿ ಸರ್ವೆ ನಂಬರು, ಕಲ್ಲುಗಳು, ಕೆರೆ, ಕಾಲುವೆ, ಗೋಮಾಳ, ಉಳುಮೆಗೆ ಬಾರದ ಖರಾಬು ಎಲ್ಲವೂ ಸೇರಿದವು.

ಗ್ರಾಮನಕ್ಷೆ ಬಂದದ್ದರಿಂದ ಊರಿನ ಪ್ರತಿರೂಪ ಒಬ್ಬನ ತಲೆಯಿಂದ ಕಾಗದಕ್ಕೆ ಇಳಿಯಿತು. ಇದೊಂದು ದೊಡ್ಡ ಲಾಭ. ನೂರು ವರ್ಷದ ನಂತರವೂ ಓದಬಹುದು, ನ್ಯಾಯಾಲಯದಲ್ಲಿ ತೋರಿಸಬಹುದು. ಆದರೆ ಒಂದು ನಷ್ಟವೂ ಆಯಿತು. ಕಾಗದ ಕೆರೆಯನ್ನು ನೋಡಿ ತನ್ನನ್ನು ತಾನೇ ತಿದ್ದಿಕೊಳ್ಳುವುದಿಲ್ಲ. ಅಳತೆಯ ದಿನ ಕಂಡದ್ದಷ್ಟೇ ಅದಕ್ಕೆ ಗೊತ್ತು. ಅವಳಿಯಂತಿದ್ದದ್ದು ಪ್ರತಿಯಾಯಿತು.

ಬೀರುವಿನಲ್ಲಿ ಕೆರೆ, ನೆಲದ ಮೇಲೆ ಬಡಾವಣೆ

ಸ್ವಾತಂತ್ರ್ಯಾನಂತರ ಬೆಂಗಳೂರು ಬೆಳೆಯಿತು. ಗದ್ದೆಗಳು ಬಡಾವಣೆಗಳಾದ ಮೇಲೆ ತೂಬು ಎತ್ತುವ ಅಗತ್ಯವಿರಲಿಲ್ಲ, ನೀರುಗಂಟಿಗೆ ಕೆಲಸವೂ ಇರಲಿಲ್ಲ. ಕೊಳವೆಯಲ್ಲಿ ದೂರದಿಂದ ನೀರು ಬರತೊಡಗಿದ್ದರಿಂದ ಕೆರೆ ಯಾರಿಗೂ ಬೇಡವಾಯಿತು. ನಕ್ಷೆ ಮಾತ್ರ ಸರ್ವೆ ಇಲಾಖೆಯ ಬೀರುವಿನಲ್ಲಿ ಹಾಗೆಯೇ ಉಳಿಯಿತು. ಅದರಲ್ಲಿ ರಾಜಕಾಲುವೆ ಅಗಲವಾಗಿಯೇ ಇತ್ತು. ನೆಲದ ಮೇಲೆ ಅದು ಚರಂಡಿಯಾಗಿ, ಎಷ್ಟೋ ಕಡೆ ಕಟ್ಟಡದ ಅಡಿಯಲ್ಲಿ ಮರೆಯಾಗಿ ಹೋಯಿತು.

1985ರಲ್ಲಿ ರಾಜ್ಯ ಸರ್ಕಾರ ಎನ್. ಲಕ್ಷ್ಮಣ ರಾವ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿತು. ನಗರದ ಕೆರೆಗಳನ್ನು ಉಳಿಸಿಕೊಳ್ಳಬೇಕು, ಕಾಲುವೆಗಳನ್ನು ತೆರವಾಗಿಡಬೇಕು ಎಂದು ಸಮಿತಿ ಶಿಫಾರಸು ಮಾಡಿತು. ಆದರೆ ಒತ್ತುವರಿ ನಿಲ್ಲಲಿಲ್ಲ. 2016ರಲ್ಲಿ, ಮತ್ತೆ 2022ರಲ್ಲಿ ಪ್ರವಾಹದ ನಂತರ ಹಳೆಯ ಗ್ರಾಮನಕ್ಷೆಗಳನ್ನು ಹೊರತೆಗೆದು ರಾಜಕಾಲುವೆಯ ಮೇಲಿನ ಕಟ್ಟಡಗಳನ್ನು ನೆಲಸಮ ಮಾಡಲಾಯಿತು. ಕಾಲುವೆ ತೆರವಾಗಬೇಕಾದದ್ದು ನಿಜ. ಆದರೆ ಯೋಚಿಸಿ: ನಕ್ಷೆ ಅಷ್ಟು ವರ್ಷ ಇದ್ದೇ ಇತ್ತು. ನಿವೇಶನ ಮಾರಿದಾಗ, ನೋಂದಣಿಯಾದಾಗ, ಮನೆ ಕಟ್ಟಿದಾಗ ಅದನ್ನು ನೆಲದೊಡನೆ ಹೋಲಿಸಿ ನೋಡಿರಲಿಲ್ಲ. ಕೊನೆಗೆ ಹೋಲಿಸಿದ್ದು ಮಳೆ. ಮನೆ ಕಳೆದುಕೊಂಡವರಲ್ಲಿ ಸಾಲ ಮಾಡಿ ಕೊಂಡವರೂ ಇದ್ದರು.

ಅವಳಿಯೇ ಮೂಲವಾದ ಕಥೆ

ಈ ನಡುವೆ ಕರ್ನಾಟಕ ಇಡೀ ದೇಶ ಗಮನಿಸಿದ ಒಂದು ಕೆಲಸ ಮಾಡಿತು. 1990ರ ದಶಕದ ಕೊನೆಯ ಹೊತ್ತಿಗೆ ಕೈಗೆತ್ತಿಕೊಂಡ ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಸೇರಿಸಲಾಯಿತು. ಅದುವರೆಗೆ ಪಹಣಿಗಾಗಿ ಗ್ರಾಮ ಲೆಕ್ಕಿಗರನ್ನು ಹುಡುಕಿಕೊಂಡು ಅಲೆಯುತ್ತಿದ್ದ ರೈತ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟು ಮುದ್ರಿತ ಪ್ರತಿ ಪಡೆಯುವಂತಾಯಿತು. ಮೂಲೆಮೂಲೆಯ ಕೈಬರಹದ ತಿದ್ದುಪಡಿಗೆ ಕಡಿವಾಣ ಬಿತ್ತು.

ಇಲ್ಲಿ ಗಮನಿಸಬೇಕಾದದ್ದು ಮುಂದಿನ ಹೆಜ್ಜೆ. ಗಣಕೀಕರಣ ಮುಗಿದಂತೆ ಕೈಬರಹದ ಪಹಣಿಗೆ ಕಾನೂನಿನ ಮಾನ್ಯತೆ ಇಲ್ಲದಾಯಿತು. ಎಂದರೆ, ಗಣಕಯಂತ್ರದಲ್ಲಿರುವುದೇ ಮೂಲ ದಾಖಲೆಯಾಯಿತು. ಹೆಸರನ್ನು ಟೈಪು ಮಾಡುವಾಗ ಒಂದು ಅಕ್ಷರ ತಪ್ಪಿದ್ದರೆ, ಗುಂಟೆಯ ಅಂಕಿ ಆಚೀಚೆಯಾಗಿದ್ದರೆ, ತಿದ್ದಿಸಿಕೊಳ್ಳುವ ಹೊರೆ ರೈತನ ಮೇಲೆ ಬಿತ್ತು. ಬೆಂಗಳೂರಿನ ಸುತ್ತಮುತ್ತ ಇದರ ಇನ್ನೊಂದು ಮುಖವೂ ಕಂಡಿತು. ದಾಖಲೆ ಸುಲಭವಾಗಿ ಸಿಗುವಂತಾದಾಗ ಅದರ ಲಾಭ ಸಣ್ಣ ರೈತನಿಗಿಂತ ದೊಡ್ಡ ಮಟ್ಟದಲ್ಲಿ ಭೂಮಿ ಕೊಳ್ಳುವವರಿಗೇ ಹೆಚ್ಚಾಯಿತೆಂದು 2007ರಲ್ಲಿ ಪ್ರಕಟವಾದ ಒಂದು ಅಧ್ಯಯನ ವಾದಿಸಿತು. ಈ ವಾದವನ್ನು ಒಪ್ಪಲಿ, ಬಿಡಲಿ, ಅದರ ಹಿಂದಿನ ಪ್ರಶ್ನೆ ಮುಖ್ಯ. ಪ್ರತಿರೂಪ ಎಲ್ಲರಿಗೂ ತೆರೆದಿರಬಹುದು. ಅದನ್ನು ಓದಿ ಬಳಸುವ ಶಕ್ತಿ ಎಲ್ಲರಿಗೂ ಸಮನಾಗಿರುತ್ತದೆಯೇ?

ಮುಂದೆ ಹಳೆಯ ಗ್ರಾಮನಕ್ಷೆಗಳನ್ನೂ ಉಪಗ್ರಹ ಚಿತ್ರದ ಮೇಲೆ ಹೊಂದಿಸಿದರು. ಯಲಹಂಕದ ಬಳಿ ದೊಡ್ಡಬೆಟ್ಟಹಳ್ಳಿಯಲ್ಲಿರುವ ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರ ಇದರಲ್ಲಿ ಪಾತ್ರ ವಹಿಸಿತು. ‘ದಿಶಾಂಕ್’ ಎಂಬ ಆ್ಯಪ್ ತೆರೆದರೆ ನೀವು ನಿಂತ ಜಾಗದ ಸರ್ವೆ ನಂಬರು, ಅಲ್ಲಿ ಕೆರೆ ಇತ್ತೇ, ಕಾಲುವೆ ಇತ್ತೇ ಎಂಬುದು ಮೊಬೈಲಿನಲ್ಲೇ ಕಾಣುತ್ತದೆ. ಬೀರುವಿನ ನಕ್ಷೆ ಕೊನೆಗೂ ಬೀದಿಗೆ ಬಂತು.

ಹೆಸರು ಬಂದದ್ದು ಬಾಹ್ಯಾಕಾಶದಿಂದ

ಇನ್ನು ‘ಅವಳಿ’ ಎಂಬ ಕಲ್ಪನೆ ಹೇಗೆ ಬಂತೆಂದು ನೋಡೋಣ. 1970ರ ಏಪ್ರಿಲಿನಲ್ಲಿ ಚಂದ್ರನತ್ತ ಹೊರಟಿದ್ದ ಅಪೋಲೋ-13 ನೌಕೆಯ ಆಮ್ಲಜನಕದ ತೊಟ್ಟಿ ಸಿಡಿಯಿತು. ಆಗ ನೌಕೆ ಭೂಮಿಯಿಂದ 3 ಲಕ್ಷ ಕಿಲೋಮೀಟರಿಗೂ ಹೆಚ್ಚು ದೂರದಲ್ಲಿತ್ತು. ತರಬೇತಿಗಾಗಿ ನೆಲದ ಮೇಲೆ ಇಟ್ಟಿದ್ದ ಅಣಕು ನೌಕೆಗಳಲ್ಲಿ ಕುಳಿತು, ಮೇಲಿನಿಂದ ಬರುತ್ತಿದ್ದ ಅಂಕಿಅಂಶಗಳಿಗೆ ಅವುಗಳನ್ನು ಹೊಂದಿಸಿ, ಯಾವ ಕ್ರಮದಲ್ಲಿ ಸ್ವಿಚ್ ಒತ್ತಿದರೆ ವಿದ್ಯುತ್ ಸಾಲುತ್ತದೆ ಎಂದು ಪರೀಕ್ಷಿಸಿ ಸೂಚನೆ ಕಳುಹಿಸಿದರು. ಮೂವರು ಗಗನಯಾತ್ರಿಗಳೂ ಬದುಕಿ ಬಂದರು. 2002ರಲ್ಲಿ ಅಮೆರಿಕದ ಮೈಕೇಲ್ ಗ್ರೀವ್ಸ್ ಕಾರ್ಖಾನೆಯ ಉತ್ಪನ್ನಗಳಿಗೆ ಇದೇ ಬಗೆಯ ಗಣಕ ಪ್ರತಿರೂಪದ ಕಲ್ಪನೆಯನ್ನು ಮುಂದಿಟ್ಟರು. 2010ರಲ್ಲಿ ನಾಸಾದ ಜಾನ್ ವಿಕರ್ಸ್ ಅದಕ್ಕೆ ‘ಡಿಜಿಟಲ್ ಟ್ವಿನ್’ ಎಂಬ ಹೆಸರು ಕೊಟ್ಟರು. ಎಂಜಿನ್‌ಗಳಿಂದ ಆರಂಭವಾದದ್ದು ನಗರಗಳಿಗೂ ಹಬ್ಬಿತು. ಸಿಂಗಪುರ 2014ರಲ್ಲಿ ಇಡೀ ನಗರದ ಮೂರು ಆಯಾಮದ ಪ್ರತಿರೂಪಕ್ಕೆ ಕೈಹಾಕಿತು. ಭಾರತದ ದೂರಸಂಪರ್ಕ ಇಲಾಖೆ 2024ರಲ್ಲಿ ‘ಸಂಗಮ್’ ಎಂಬ ಹೆಸರಿನಲ್ಲಿ ಇಂತಹದೊಂದು ಪ್ರಯತ್ನವನ್ನು ಪ್ರಕಟಿಸಿತು.

ಯಲಹಂಕದಲ್ಲಿ ಹನಿ ಎಣಿಸುವವರು

ನಮ್ಮಲ್ಲಿ ಇದರ ಹತ್ತಿರದ ಬಂಧು ಯಲಹಂಕದಲ್ಲೇ ಇದೆ. ಬರಗಾಲವನ್ನು ಮುಂಚಿತವಾಗಿ ಅರಿಯಲು 1988ರಲ್ಲಿ ಆರಂಭವಾದ ಘಟಕ 2007ರಲ್ಲಿ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಯಿತು. ಅಟ್ಟೂರಿನ ಬಳಿ ಅದರ ಕಚೇರಿ ಇದೆ. ನಗರದ ಉದ್ದಗಲಕ್ಕೂ ಇಟ್ಟ ದೂರಮಾಪಕ ಮಳೆಮಾಪನಗಳಿಂದ ಇಲ್ಲಿಗೆ ನಿಮಿಷಗಳ ಅಂತರದಲ್ಲಿ ಅಂಕಿಗಳು ಬರುತ್ತವೆ. ಯಶವಂತಪುರಕ್ಕೆ ಹೊಂದಿಕೊಂಡಿರುವ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಈ ಕೇಂದ್ರದೊಡನೆ ಸೇರಿ ಬೆಂಗಳೂರಿನ ಪ್ರವಾಹದ ಒಂದು ಗಣಕ ಮಾದರಿಯನ್ನು ರೂಪಿಸಿದರು. ನೆಲದ ಏರುತಗ್ಗು, ಕಾಲುವೆಯ ಅಗಲ, ಕಾಲುವೆಯಲ್ಲಿ ಕೂರಿಸಿದ ಸಂವೇದಕಗಳು ತಿಳಿಸುವ ನೀರಿನ ಮಟ್ಟ, ಬೀಳುತ್ತಿರುವ ಮಳೆ, ಇವನ್ನೆಲ್ಲ ಕೂಡಿಸಿ ಎಲ್ಲಿ ನೀರು ಉಕ್ಕೀತು ಎಂದು ಅದು ಲೆಕ್ಕ ಹಾಕುತ್ತದೆ. 2020ರಲ್ಲಿ ‘ಬೆಂಗಳೂರು ಮೇಘ ಸಂದೇಶ’ ಎಂಬ ಆ್ಯಪ್ ಮೂಲಕ ಮುನ್ಸೂಚನೆ ಸಾರ್ವಜನಿಕರ ಕೈಗೂ ಬಂತು.

ಇದರ ಗಣಿತದ ಮೊದಲ ಹೆಜ್ಜೆಯನ್ನು ನೀವೂ ಹಾಕಬಹುದು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಆರ್.ಟಿ. ನಗರದ 30×40 ಅಡಿ ನಿವೇಶನ ಸುಮಾರು 111 ಚದರ ಮೀಟರ್. 50 ಮಿಲಿಮೀಟರ್ ಮಳೆಯಾದರೆ ಆ ಒಂದೇ ನಿವೇಶನದ ಮೇಲೆ 5,500 ಲೀಟರಿಗೂ ಹೆಚ್ಚು ನೀರು ಬೀಳುತ್ತದೆ. ಅದು ತೋಟವಾಗಿದ್ದರೆ ಒಂದು ಪಾಲನ್ನು ಮಣ್ಣು ಕುಡಿಯುತ್ತಿತ್ತು. ಕಾಂಕ್ರೀಟಾದರೆ ಬಹುಪಾಲು ಬೀದಿಗೆ, ಬೀದಿಯಿಂದ ಕಾಲುವೆಗೆ ಓಡುತ್ತದೆ. ಅಂತಹ ಸಾವಿರ ಮನೆಗಳಿದ್ದರೆ 55 ಲಕ್ಷ ಲೀಟರ್! ಮಳೆ ಮೊದಲಿನಷ್ಟೇ ಇದ್ದರೂ ಪ್ರವಾಹ ಏಕೆ ಹೆಚ್ಚಾಗಬಹುದು ಎಂಬುದಕ್ಕೆ ಉತ್ತರ ಇಲ್ಲಿದೆ.

ಆದರೂ 2021ರ ನವೆಂಬರಿನಲ್ಲಿ ಯಲಹಂಕದ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟುಗಳಿಗೆ ನೀರು ನುಗ್ಗಿ, ನಿವಾಸಿಗಳನ್ನು ದೋಣಿಗಳಲ್ಲಿ ಹೊರಗೆ ತರಬೇಕಾಯಿತು. 2024ರ ಅಕ್ಟೋಬರಿನಲ್ಲಿ ಅದೇ ಜಾಗದಲ್ಲಿ ಅದೇ ದೃಶ್ಯ ಮತ್ತೆ ಕಂಡಿತು. ಮಳೆಯನ್ನು ಎಣಿಸುವ ಕೇಂದ್ರ ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದಲ್ಲಿದೆ. ಇದನ್ನು ವಿಜ್ಞಾನಿಗಳ ಸೋಲೆನ್ನಲಾಗದು. ಎಷ್ಟು ನೀರು ಬರುತ್ತದೆಂದು ತಿಳಿಯುವುದು ಒಂದು ಕೆಲಸ. ಬಂದ ನೀರು ಹೋಗಲು ದಾರಿ ಇರುವಂತೆ ನೋಡಿಕೊಳ್ಳುವುದು ಇನ್ನೊಂದು. ಗಣಕಯಂತ್ರದೊಳಗಿನ ಕಾಲುವೆಯನ್ನು ಒಂದು ಗುಂಡಿ ಒತ್ತಿ ಅಗಲ ಮಾಡಬಹುದು. ನೆಲದ ಮೇಲಿನ ಕಾಲುವೆಗೆ ಹೂಳೆತ್ತುವವರು ಬೇಕು, ಒತ್ತುವರಿಯನ್ನು ಆರಂಭದಲ್ಲೇ ತಡೆಯುವ ಅಧಿಕಾರಿ ಬೇಕು.

ನಾವು ಕೇಳಬೇಕಾದ ಪ್ರಶ್ನೆಗಳು

ನಿಮ್ಮ ಪೀಳಿಗೆ ಕೆಲಸಕ್ಕೆ ಸೇರುವ ಹೊತ್ತಿಗೆ ಇಂತಹ ಅವಳಿಗಳು ಎಲ್ಲೆಡೆ ಇರುತ್ತವೆ. ನಿಮ್ಮಲ್ಲೇ ಕೆಲವರು ಅವುಗಳನ್ನು ಕಟ್ಟುತ್ತೀರಿ. ಆಗ ಈ ಚರಿತ್ರೆಯಿಂದ ನಾಲ್ಕು ಪ್ರಶ್ನೆಗಳನ್ನು ನೆನಪಿಟ್ಟುಕೊಳ್ಳಿ.

ಮೊದಲನೆಯದು, ಪ್ರತಿರೂಪದಲ್ಲಿ ಯಾರು ಬಿಟ್ಟುಹೋಗಿದ್ದಾರೆ? ಕಂದಾಯ ಸರ್ವೆ ಕಂದಾಯ ಕಟ್ಟುವವನನ್ನು ಕಂಡಿತು. ಅವನ ಹೊಲದಲ್ಲಿ ಕೂಲಿ ಮಾಡುವವಳನ್ನು ಕಾಣಲಿಲ್ಲ. ಇಂದಿನ ನಗರದ ಅವಳಿ ಕಟ್ಟಡಗಳನ್ನು ಕಾಣುತ್ತದೆ. ಆ ಕಟ್ಟಡ ಕಟ್ಟಲು ಬಂದು ಕಾಲುವೆಯ ಅಂಚಿನ ಶೆಡ್ಡಿನಲ್ಲಿ ಮಲಗುವ ಕುಟುಂಬವನ್ನು ಕಾಣುತ್ತದೆಯೇ? ನೀರು ಮೊದಲು ನುಗ್ಗುವುದು ಅಂತಹ ಮನೆಗೆ.

ಎರಡನೆಯದು, ಮನುಷ್ಯರನ್ನು ಎಷ್ಟು ಅಳೆಯಬೇಕು? ಕಾಲುವೆಯಲ್ಲಿ ಸಂವೇದಕ ಇಟ್ಟರೆ ಯಾರಿಗೂ ತೊಂದರೆಯಿಲ್ಲ. ಆದರೆ ಸಂಚಾರದ ಅವಳಿಗಾಗಿ ಮೊಬೈಲುಗಳ ಜಾಡು ಹಿಡಿದರೆ ಯಾರು, ಯಾವಾಗ, ಎಲ್ಲಿಗೆ ಹೋದರೆಂಬುದೂ ತಿಳಿಯಬಹುದು. ಭಾರತದಲ್ಲಿ 2023ರಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾನೂನು ಬಂದಿದೆ. ಕಾನೂನಿನ ಜೊತೆಗೆ ಜನರ ಎಚ್ಚರವೂ ಬೇಕು.

ಮೂರನೆಯದು, ತಪ್ಪನ್ನು ತಿದ್ದುವುದು ಹೇಗೆ? ನೆಲವೂ ತೆರೆಯೂ ಬೇರೆಬೇರೆ ಹೇಳಿದಾಗ ಹೋಗಿ ನೆಲವನ್ನೇ ನೋಡಬೇಕು. ‘ಕಂಪ್ಯೂಟರಿನಲ್ಲಿ ಹಾಗಿದೆ’ ಎಂಬುದು ಉತ್ತರವಲ್ಲ.

ನಾಲ್ಕನೆಯದು, ಹೊಣೆ ಯಾರದು? ನೀರುಗಂಟಿಗೆ ಒಂದು ಹೆಸರಿತ್ತು, ಒಂದು ಮನೆ ಇತ್ತು. 2025ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಬದಲು ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಅದರಡಿ ಐದು ನಗರ ಪಾಲಿಕೆಗಳೂ ಬಂದಿವೆ. ಕೆರೆಯಿಂದ ಕೆರೆಗೆ ಹೋಗುವ ನೀರಿಗೆ ಇಂತಹ ಗಡಿಗಳ ಅರಿವಿಲ್ಲ. ಮುನ್ಸೂಚನೆ ಬಂದ ರಾತ್ರಿ ಯಾವ ಕಚೇರಿಯ ಯಾರು ಎದ್ದು ಹೋಗಿ ಕಾಲುವೆಯ ಬಾಯಿ ಬಿಡಿಸಬೇಕೆಂಬುದು ಮೊದಲೇ ಬರೆದಿಟ್ಟಿರಬೇಕು. ಆ ಹೆಸರು ಇಲ್ಲದಿದ್ದರೆ ಎಷ್ಟು ಸೂಕ್ಷ್ಮವಾದ ಅವಳಿಯಾದರೂ ನೋಡುವುದಕ್ಕಷ್ಟೇ ಚೆನ್ನ.

ಕೊನೆಯದಾಗಿ ಒಂದು ಸಲಹೆ. ನಿಮ್ಮ ಊರಿನ ಅಥವಾ ಬಡಾವಣೆಯ ಗ್ರಾಮನಕ್ಷೆಯನ್ನು ಪಡೆದು, ಮೂರು ನಾಲ್ಕು ಸ್ನೇಹಿತರು ಸೇರಿ ಒಂದು ರಜೆಯ ದಿನ ಅದರೊಂದಿಗೆ ನಡೆದು ನೋಡಿ. ಕೆರೆಯ ಏರಿ ಎಲ್ಲಿತ್ತು, ಕೋಡಿ ಯಾವ ಕಡೆಗೆ ಬೀಳುತ್ತಿತ್ತು ಎಂದು ಅಲ್ಲಿನ ಹಿರಿಯರನ್ನು ಕೇಳಿ. ನಕ್ಷೆಯಲ್ಲಿದ್ದು ನೆಲದ ಮೇಲಿಲ್ಲದ್ದನ್ನು ಒಂದು ಪಟ್ಟಿಯಲ್ಲಿ, ನೆಲದ ಮೇಲಿದ್ದು ನಕ್ಷೆಯಲ್ಲಿಲ್ಲದ್ದನ್ನು ಇನ್ನೊಂದು ಪಟ್ಟಿಯಲ್ಲಿ ಬರೆದುಕೊಳ್ಳಿ. ಮಳೆಗಾಲ ಬರುವ ಮೊದಲೇ ಆ ಎರಡು ಪಟ್ಟಿಗಳನ್ನು ನಿಮ್ಮ ಪಾಲಿಕೆಯ ಅಥವಾ ಪಂಚಾಯಿತಿಯ ಕಚೇರಿಗೆ ಕೊಟ್ಟು, ಕೊಟ್ಟದ್ದಕ್ಕೆ ರಸೀತಿ ಪಡೆಯಿರಿ.